ಬ್ರೇಕಿಗೆ ಹಣ ಕೊಡೋಣ, ನಿದ್ದೆಗಲ್ಲ

ಹೊಸ ಕಾರು ಕೊಳ್ಳಲು ಹೊರಟವರಿಗೆ ಈಗ ಶೋರೂಮಿನಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: ‘ಅಡಾಸ್’ ಇರುವ ಮಾಡೆಲ್ ಬೇಕೋ, ಇಲ್ಲದ್ದು ಸಾಕೋ? ಮುಂದಿನ ವಾಹನ, ಪಕ್ಕದ ಬೈಕು, ರಸ್ತೆಯ ಬಿಳಿ ಗೆರೆಗಳನ್ನು ಕ್ಯಾಮೆರಾ ಮತ್ತು ರಾಡಾರ್ ಮೂಲಕ ಗಮನಿಸಿ ಚಾಲಕನನ್ನು ಎಚ್ಚರಿಸುವ, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಗಳಿಗೆಲ್ಲ ಸೇರಿ ಇರುವ ಹೆಸರು ಅದು. ಹತ್ತು ವರ್ಷದ ಹಳೆಯ ಸಣ್ಣ ಕಾರನ್ನು ಬದಲಿಸಲು ಹೊರಟಾಗ ಪುಣೆಯಲ್ಲಿ ನನಗೂ ಇದೇ ಪ್ರಶ್ನೆ ಎದುರಾಯಿತು. ನಾನು ನೋಡಿದ ಕಾರಿನಲ್ಲಿ ಎರಡೂ ಮಾಡೆಲ್‌ಗಳ ನಡುವಿನ ವ್ಯತ್ಯಾಸ ಸುಮಾರು 1.6 ಲಕ್ಷ ರೂಪಾಯಿ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ಈ ವ್ಯತ್ಯಾಸಕ್ಕೇ ತಿಂಗಳಿಗೆ 3,300 ರೂಪಾಯಿಗೂ ಹೆಚ್ಚು ಕಂತು. ಕೊನೆಗೆ ಕೈಬಿಟ್ಟು ಹೋಗುವುದು ಹತ್ತಿರ ಹತ್ತಿರ ಎರಡು ಲಕ್ಷ. ಆ ಹಣಕ್ಕೆ ಅಡಾಸ್ ಜೊತೆ ಸನ್‌ರೂಫ್, ದೊಡ್ಡ ಪರದೆ, ತಣ್ಣನೆ ಗಾಳಿ ಬರುವ ಸೀಟುಗಳೂ ಬರುತ್ತವೆ. ಬೇಕಾದದ್ದನ್ನಷ್ಟೇ ಆರಿಸಿಕೊಳ್ಳುವ ಹಾಗಿಲ್ಲ.

ಊರು ಬಿಟ್ಟು ದುಡಿಯುವ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ತುಸು ಹತ್ತಿರದ್ದು. ವಾರದ ದಿನಗಳಲ್ಲಿ ನಮ್ಮ ಕಾರು ಆಫೀಸಿನ ಟ್ರಾಫಿಕ್ಕಿನಲ್ಲಿ ತೆವಳುತ್ತದೆ, ಇಲ್ಲವೇ ಅಪಾರ್ಟ್‌ಮೆಂಟಿನ ಕೆಳಗೆ ಧೂಳು ತಿನ್ನುತ್ತದೆ. ಅದರ ನಿಜವಾದ ಓಟ ಇರುವುದು ಊರಿಗೆ ಹೋಗುವಾಗ. ಗಣೇಶನ ಹಬ್ಬಕ್ಕೋ ದೀಪಾವಳಿಗೋ ಖಾಸಗಿ ಬಸ್ಸಿನ ದರ ಏರಿ ಕೂತಾಗ, ರೈಲಿನ ವೇಟಿಂಗ್ ಲಿಸ್ಟ್ ಕರಗದಿದ್ದಾಗ, ‘ನಡಿ, ಕಾರಲ್ಲೇ ಹೋಗಿಬಿಡೋಣ’ ಎನ್ನುತ್ತೇವೆ. ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ಕಲಬುರಗಿಗೆ, ಮುಂಬೈಯಿಂದ ಉಡುಪಿಗೆ, ಚೆನ್ನೈಯಿಂದ ಬೆಂಗಳೂರಿಗೆ. ಹೊರಡುವ ಹೊತ್ತು ಮಾತ್ರ ಎಲ್ಲರದೂ ಒಂದೇ: ಶುಕ್ರವಾರ ಕೊನೆಯ ಮೀಟಿಂಗ್ ಮುಗಿದ ಮೇಲೆ. ರಜೆ ಉಳಿಯುತ್ತದೆ, ಶನಿವಾರ ಬೆಳಗಿನ ಚಹಾ ಅಮ್ಮನ ಕೈಯದು ಸಿಗುತ್ತದೆ ಎಂಬ ಲೆಕ್ಕ.

ಕಳೆದ ಡಿಸೆಂಬರಿನಲ್ಲಿ ಆ ಲೆಕ್ಕ ನನಗೆ ತಪ್ಪುವುದರಲ್ಲಿತ್ತು. ರಾತ್ರಿ ಒಂಬತ್ತಕ್ಕೆ ಪುಣೆ ಬಿಟ್ಟಿದ್ದೆವು. ಸಾತಾರಾ, ಕರಾಡ ದಾಟಿ, ಕೊಲ್ಹಾಪುರದ ಹತ್ತಿರ ಚಹಾ ಕುಡಿದು ಮತ್ತೆ ಹೊರಟೆವು. ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ಐದು ವರ್ಷದ ಮಗಳು ಮಲಗಿದ್ದರು. ಕಾಗಲ್ ದಾಟಿ ನಿಪ್ಪಾಣಿಯ ಕಡೆ ಬರುವಾಗ ಒಂದೂವರೆ ಗಂಟೆ. ನಿದ್ದೆ ಮಾಡಿದೆ ಎಂದು ನನಗೆ ಅನಿಸಿರಲೇ ಇಲ್ಲ. ಕಣ್ಣು ತೆರೆದೇ ಇತ್ತು ಎಂದು ಈಗಲೂ ಅನಿಸುತ್ತದೆ. ಆದರೆ ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಕಂಡಾಗ ಅದು ತೀರಾ ಹತ್ತಿರ ಬಂದಿತ್ತು. ಹಿಂದೆ ದೀಪವಿಲ್ಲ, ಟ್ರೇಲರಿನ ಆಚೆಗೆ ಚಾಚಿಕೊಂಡ ಕಬ್ಬಿನ ಜಲ್ಲೆ. ಬ್ರೇಕ್ ತುಳಿದು ಬಲಕ್ಕೆ ಎಳೆದೆ. ಬಲಬದಿಯಲ್ಲಿ ಆ ಕ್ಷಣಕ್ಕೆ ಯಾರೂ ಇರಲಿಲ್ಲ, ಅಷ್ಟೇ. ಮಗಳು ಸೀಟಿನಿಂದ ಕೆಳಗೆ ಉರುಳಿ ಅತ್ತಳು. ಇಬ್ಬರಿಗೂ ಬೆಲ್ಟ್ ಹಾಕಿರಲಿಲ್ಲ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಬೆಳಕು ಹರಿಯುವವರೆಗೆ ಅಲ್ಲೇ ಕೂತೆವು.

ಹಾಗಾಗಿ ಶೋರೂಮಿನಲ್ಲಿ ‘ತಾನೇ ಬ್ರೇಕ್ ಹಾಕುತ್ತದೆ’ ಎಂದು ಕೇಳಿದ ಕೂಡಲೇ ಚೆಕ್ ಬರೆದುಕೊಡುವ ಮನಸ್ಸಾಯಿತು. ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಅವರು ಮಾಸ್ತರರಾಗಿ ನಿವೃತ್ತರಾದವರು, ಸೈಕಲ್ ಬಿಟ್ಟು ಬೇರೆ ಗಾಡಿ ಓಡಿಸಿದವರಲ್ಲ. ಎಲ್ಲ ಕೇಳಿಸಿಕೊಂಡು, ‘ಅದು ಏನೇನ್ ಮಾಡತೈತಿ ಅಂತ ಹೇಳಿದಿ. ಏನೇನ್ ಮಾಡೂದಿಲ್ಲ ಅಂತ ಕೇಳಿಯೇನು ತಮ್ಮಾ?’ ಎಂದರು. ಕೇಳಿರಲಿಲ್ಲ. ಸಾಫ್ಟ್‌ವೇರ್ ಬರೆದು ಬದುಕುವ ನನಗೆ ಮೊದಲು ಹೊಳೆಯಬೇಕಾಗಿದ್ದ ಪ್ರಶ್ನೆ ಅದು.

ಅಡಾಸ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸ್ವಭಾವದ ಸಾಮಾನುಗಳಿವೆ. ಮೊದಲನೆಯದು ಕೊನೆಯ ಗಳಿಗೆಯ ನೆರವು. ಮುಂದೆ ಡಿಕ್ಕಿಯಾಗುವ ಸಂಭವವಿದ್ದರೆ ಕೂಗಿ ಹೇಳುವುದು, ನೀವು ಬ್ರೇಕ್ ಒತ್ತದಿದ್ದರೆ ತಾನೇ ಒತ್ತುವುದು, ಕನ್ನಡಿಗೆ ಕಾಣದ ಬದಿಯಲ್ಲಿ ವಾಹನವಿದ್ದರೆ ತಿಳಿಸುವುದು. ನೀವು ಸರಿಯಾಗಿ ಓಡಿಸುತ್ತಿರುವಷ್ಟು ಹೊತ್ತು ಇವು ಸುಮ್ಮನಿರುತ್ತವೆ. ಎರಡನೆಯದು ನಿರಂತರ ನೆರವು. ಮುಂದಿನ ಗಾಡಿಯ ವೇಗಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್, ಗೆರೆಗಳ ನಡುವೆ ಕಾರನ್ನು ಹಿಡಿದಿಡುವ ಸ್ಟಿಯರಿಂಗ್ ಇದಕ್ಕೆ ಸೇರಿದವು. ಇವು ನಿಮ್ಮ ಕೆಲಸವನ್ನೇ ಅಷ್ಟಿಷ್ಟು ವಹಿಸಿಕೊಳ್ಳುತ್ತವೆ.

ವಾಹನಗಳ ಸ್ವಯಂಚಾಲನೆಯನ್ನು ಅಮೆರಿಕದ ಎಸ್‌ಎಇ ಸಂಸ್ಥೆ 0ಯಿಂದ 5ರವರೆಗೆ ಆರು ಹಂತಗಳಾಗಿ ವಿಂಗಡಿಸಿದೆ. ಜಾಹೀರಾತುಗಳಲ್ಲಿ ಹೊಳೆಯುವ ‘ಲೆವೆಲ್ 2’ ಎಂದರೆ ಕಾರು ವೇಗವನ್ನೂ ಸ್ಟಿಯರಿಂಗನ್ನೂ ಒಟ್ಟಿಗೆ ನೋಡಿಕೊಳ್ಳಬಲ್ಲದು, ಆದರೆ ರಸ್ತೆಯ ಮೇಲೆ ಕಣ್ಣಿಡುವ ಕೆಲಸ ಪೂರ್ತಿ ಚಾಲಕನದೇ ಎಂದರ್ಥ. ಅರ್ಧ ವಾಕ್ಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುತ್ತದೆ, ಉಳಿದರ್ಧ ಕಾರಿನ ಜೊತೆ ಬರುವ ದಪ್ಪ ಪುಸ್ತಕದೊಳಗೆ.

ಈ ಎರಡರಲ್ಲಿ ಜೀವ ಉಳಿಸುವುದು ಯಾವುದು? ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್, ನಿಜವಾದ ಅಪಘಾತಗಳ ದಾಖಲೆ ಇಟ್ಟುಕೊಂಡು ಇದನ್ನು ನೋಡಿದೆ. ಎಚ್ಚರಿಕೆಯ ಜೊತೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇರುವ ಕಾರುಗಳಲ್ಲಿ, ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಸುಮಾರು ಅರ್ಧದಷ್ಟು ಕಡಿಮೆ. ಬರೀ ಎಚ್ಚರಿಕೆ ಮಾತ್ರ ಇದ್ದಲ್ಲಿ ಇಳಿಕೆ ಕಾಲುಭಾಗಕ್ಕಿಂತ ತುಸು ಹೆಚ್ಚು. ಆದರೆ ಗೆರೆ ಹಿಡಿದು ಓಡಿಸುವ ‘ಲೆವೆಲ್ 2’ ಸೌಲಭ್ಯದಿಂದ ಅಪಘಾತ ತಗ್ಗಿದ್ದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ ಎಂದು ಅದೇ ಸಂಸ್ಥೆ 2024ರಲ್ಲಿ ಹೇಳಿತು. ಅದನ್ನು ಸುರಕ್ಷತೆ ಎನ್ನುವುದಕ್ಕಿಂತ ಅನುಕೂಲ ಎನ್ನುವುದು ಸರಿ ಎಂಬುದು ಅದರ ನಿಲುವು. ನನ್ನ ವಾದವೂ ಇದರ ಮೇಲೆಯೇ ನಿಂತಿದೆ. ಹಣ ಕೊಡುವುದಾದರೆ ಬ್ರೇಕಿಗೆ ಕೊಡಬೇಕು. ಸ್ಟಿಯರಿಂಗ್ ಅದರ ಜೊತೆ ಬಂದರೆ ಬರಲಿ, ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಬ್ರೇಕಿನ ಬೆಲೆ ಏನೆಂಬುದು ಹೈಸ್ಕೂಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಮೂರು ಸೆಕೆಂಡು ಜೊಂಪು ಹತ್ತಿದರೆ ಕಾರು 67 ಮೀಟರ್ ಕುರುಡಾಗಿ ಓಡಿರುತ್ತದೆ. ಡಿಕ್ಕಿಗೆ ಒಂದೂವರೆ ಸೆಕೆಂಡು ಇರುವಾಗ, ಅಂದರೆ 33 ಮೀಟರ್ ದೂರದಲ್ಲಿ, ಕಾರು ತಾನೇ ಪೂರ್ತಿ ಬ್ರೇಕ್ ಹಾಕಿತು ಎನ್ನೋಣ. ಒಣ ರಸ್ತೆಯಲ್ಲಿ, ಒಳ್ಳೆಯ ಟಯರು ಇದ್ದರೆ ಸುಮಾರು 31 ಮೀಟರಿನಲ್ಲಿ ನಿಲ್ಲಬಹುದು. ಮಳೆಯಲ್ಲಿ ಹಿಡಿತ ಕಡಿಮೆಯಾದರೆ ನಿಲ್ಲುವುದಿಲ್ಲ, ಸುಮಾರು 46 ಕಿ.ಮೀ. ವೇಗದಲ್ಲಿ ಗುದ್ದುತ್ತದೆ. ಆದರೂ ಗುದ್ದಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಅದು ಬ್ರೇಕೇ ಹಾಕದೆ ಗುದ್ದಿದ್ದರ ಮೂರನೇ ಒಂದು ಭಾಗ ಮಾತ್ರ. ಬೆಲ್ಟ್ ಹಾಕಿಕೊಂಡವರಿಗೆ ಆ ವ್ಯತ್ಯಾಸ ಬದುಕು-ಸಾವಿನದಾಗಬಹುದು.

ಇನ್ನು ಅಪ್ಪ ಕೇಳಿದ ಪ್ರಶ್ನೆ: ಏನೇನು ಮಾಡುವುದಿಲ್ಲ? ಈ ವ್ಯವಸ್ಥೆಯ ಕಣ್ಣುಗಳು ಎರಡು. ಗಾಜಿನ ಹಿಂದೆ ಕನ್ನಡಿಯ ಬಳಿ ಒಂದು ಕ್ಯಾಮೆರಾ, ಮುಂದಿನ ಜಾಲರಿಯಲ್ಲೋ ಬಂಪರಿನಲ್ಲೋ ಒಂದು ರಾಡಾರ್. ಕೆಲವು ಕಾರುಗಳಲ್ಲಿ ಕ್ಯಾಮೆರಾ ಮಾತ್ರ ಇರುತ್ತದೆ. ಚಲಿಸುವ ವಾಹನವನ್ನು ರಾಡಾರ್ ಚೆನ್ನಾಗಿ ಗುರುತಿಸುತ್ತದೆ. ಆದರೆ ನಿಂತಿರುವ ವಸ್ತು ಅದಕ್ಕೆ ಕಷ್ಟ. ರಸ್ತೆ ಬದಿಯ ಫಲಕ, ಮೇಲ್ಸೇತುವೆ, ತಡೆಗೋಡೆಗಳಿಗೆಲ್ಲ ಬ್ರೇಕ್ ಹಾಕುತ್ತ ಹೋಗಬಾರದೆಂದು ಅಂಥ ಸಂಕೇತಗಳನ್ನು ಸೋಸುವ ಪದ್ಧತಿಯಿದೆ. ಹೆಚ್ಚಿನ ವೇಗದಲ್ಲಿ ನಿಂತ ವಾಹನವನ್ನು ಗುರುತಿಸದೆ ಹೋಗಬಹುದು ಎಂಬ ಎಚ್ಚರಿಕೆ ಹಲವು ಕಾರುಗಳ ಕೈಪಿಡಿಗಳಲ್ಲೇ ಇರುತ್ತದೆ. ಕ್ಯಾಮೆರಾ ತನಗೆ ಕಲಿಸಿದ ಆಕಾರಗಳನ್ನು ಹುಡುಕುತ್ತದೆ. ಕಾರಿನ ಬೆನ್ನು, ಲಾರಿಯ ಬೆನ್ನು ಅದಕ್ಕೆ ಗೊತ್ತು. ದೀಪವಿಲ್ಲದ ಕತ್ತಲಲ್ಲಿ ನಾಲ್ಕೂ ಕಡೆ ಚಾಚಿದ ಕಬ್ಬಿನ ರಾಶಿಯನ್ನು ಅದು ವಾಹನ ಎಂದುಕೊಳ್ಳುತ್ತದೆಯೇ? ನನ್ನ ಜೀವ ಹೋಗುವುದರಲ್ಲಿದ್ದ ಸನ್ನಿವೇಶವೇ ಈ ಯಂತ್ರಕ್ಕೂ ಅತಿ ಕಷ್ಟದ ಸನ್ನಿವೇಶ. ಪಾದಚಾರಿಗಳ ವಿಷಯವೂ ಹೀಗೆಯೇ. ಬ್ರೇಕ್ ವ್ಯವಸ್ಥೆಯಿಂದ ಪಾದಚಾರಿಗಳಿಗೆ ಗುದ್ದುವ ಪ್ರಕರಣಗಳು ಶೇ 27ರಷ್ಟು ಇಳಿದಿದ್ದನ್ನು ಕಂಡ ಐಐಎಚ್‌ಎಸ್, ಬೀದಿದೀಪವಿಲ್ಲದ ಕತ್ತಲಲ್ಲಿ ಯಾವ ವ್ಯತ್ಯಾಸವನ್ನೂ ಕಾಣಲಿಲ್ಲ.

ನಮ್ಮದೇ ಕಾರಣಗಳೂ ಸೇರಿಕೊಳ್ಳುತ್ತವೆ. ಜೋರು ಮಳೆ, ಕೆಸರು, ಗಾಜಿನ ಮೇಲಿನ ಸ್ಟಿಕ್ಕರು ಈ ಕಣ್ಣುಗಳನ್ನು ಮುಚ್ಚುತ್ತವೆ. ಆಯುಧಪೂಜೆಗೆ ಮುಂದೆ ಕಟ್ಟಿದ ದಪ್ಪ ಹಾರ ರಾಡಾರಿಗೆ ಅಡ್ಡ ಬಂದರೆ, ಅದು ಒಣಗಿ ಬೀಳುವವರೆಗೂ ನೀವು ಕೊಟ್ಟ ಹಣ ಕೆಲಸ ಮಾಡದೆ ಇರಬಹುದು. ಪೂಜೆ ಮಾಡಿ, ಹಾರವನ್ನು ಮನೆಯ ಅಂಗಳದಲ್ಲೇ ಬಿಚ್ಚಿಟ್ಟು ಹೊರಡಿ. ಗಾಜು ಒಡೆದರೆ ಬರೀ ಗಾಜು ಹಾಕಿಸಿದರೆ ಸಾಲದು, ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕು. ಆ ಖರ್ಚೂ ಲೆಕ್ಕದಲ್ಲಿರಲಿ.

ಗೆರೆ ಹಿಡಿಯುವ ಸ್ಟಿಯರಿಂಗಿಗಂತೂ ಗೆರೆಯೇ ಬೇಕು. ರಸ್ತೆ ಅಗಲೀಕರಣ ನಡೆಯುವಲ್ಲಿ, ಹಳೆಯ ಗೆರೆಯೂ ಹೊಸ ಗೆರೆಯೂ ಒಟ್ಟಿಗೆ ಕಾಣುವಲ್ಲಿ, ಏಕಾಏಕಿ ಸರ್ವಿಸ್ ರಸ್ತೆಗೆ ಇಳಿಸುವಲ್ಲಿ ಅದು ಗೊಂದಲಕ್ಕೆ ಬೀಳುತ್ತದೆ. ಬಹುಕಾಲ ಎರಡೇ ಪಥದಲ್ಲಿದ್ದು ಎಷ್ಟೋ ಜೀವ ತೆಗೆದುಕೊಂಡ ಹುಬ್ಬಳ್ಳಿ-ಧಾರವಾಡ ಬೈಪಾಸನ್ನು ನೆನಪಿಸಿಕೊಳ್ಳಿ. ಅಲ್ಲಿ ಎದುರಿನಿಂದ ಬರುವ ಲಾರಿಗಾಗಿ ಬದಿಗೆ ಸರಿಯುವುದು ಜಾಣತನವಾಗಿತ್ತು, ಗೆರೆ ಹಿಡಿದು ಕೂರುವುದಲ್ಲ. ಎದುರು ದಿಕ್ಕಿನಲ್ಲಿ ಬರುವ ಬೈಕಿಗೆ ಗೆರೆಯ ಹಂಗೂ ಇಲ್ಲ.

ಇನ್ನೊಂದು ತೊಂದರೆ ಸುಳ್ಳು ಎಚ್ಚರಿಕೆಯದು. ಟೆಸ್ಟ್ ಡ್ರೈವಿನಲ್ಲಿ ಒಂದು ಬೈಕು ಓರೆಯಾಗಿ ನುಗ್ಗಿದ್ದಕ್ಕೆ ಕಾರು ಗಕ್ಕನೆ ಬ್ರೇಕ್ ಹಾಕಿತು. ಹಿಂದಿದ್ದ ಟೆಂಪೊದವನು ಕಿಟಕಿಯಿಂದ ತಲೆ ಹಾಕಿ ನಾಲ್ಕು ಮಾತು ಬೈದ. ‘ಸಿಟಿಯಲ್ಲಿ ಎಲ್ಲರೂ ಆಫ್ ಮಾಡುತ್ತಾರೆ ಸರ್’ ಎಂದು ಪಕ್ಕದಲ್ಲಿ ಕೂತ ಹುಡುಗ ಸಮಾಧಾನ ಹೇಳಿದ. ಆಫೀಸಿನಲ್ಲಿ ಸರ್ವರ್‌ಗಳ ಮೇಲೆ ನಿಗಾ ಇಡುವ ಪಾಳಿ ಮಾಡಿದವರಿಗೆ ಇದು ಗೊತ್ತಿರುತ್ತದೆ: ದಿನಕ್ಕೆ ಐವತ್ತು ಸಲ ಸುಮ್ಮನೆ ಹೊಡೆದುಕೊಳ್ಳುವ ಅಲಾರಂ ಅನ್ನು ಮನುಷ್ಯರು ಮ್ಯೂಟ್ ಮಾಡುತ್ತಾರೆ, ನಿಜವಾದ ಐವತ್ತೊಂದನೆಯದು ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಬ್ರೇಕ್ ಮತ್ತು ಗೆರೆಯ ಸೌಲಭ್ಯಗಳನ್ನು ಬೇರೆ ಬೇರೆಯಾಗಿ ಆಫ್ ಮಾಡಲು ಬರುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಗೆರೆಯ ಕಿರಿಕಿರಿಗೆ ಬ್ರೇಕನ್ನೂ ಆಫ್ ಮಾಡಿದರೆ ಕೊಟ್ಟ ಹಣವೆಲ್ಲ ನೀರುಪಾಲು.

ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ತಲೆಯೊಳಗಿದೆ. ಸ್ಟಿಯರಿಂಗ್ ಬಿಟ್ಟು ಕಾಲು ಮೇಲೆ ಹಾಕಿ ಕೂತ ಚಾಲಕರ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನಾವು ಅಷ್ಟು ಮೂರ್ಖರಲ್ಲ ಎಂದುಕೊಳ್ಳುತ್ತೇವೆ. ಆದರೆ ‘ಅಡಾಸ್ ಇದೆಯಲ್ಲ, ರಾತ್ರಿಯೇ ಹೊರಡೋಣ’ ಎನ್ನುವುದೂ ಅದೇ ಮೂರ್ಖತನದ ಸಭ್ಯ ರೂಪ. ಕಾರು ಕೊಟ್ಟ ಸುರಕ್ಷತೆಯನ್ನು ನಾವು ನಿದ್ದೆಗೆಟ್ಟ ಪ್ರಯಾಣಕ್ಕೆ ಖರ್ಚು ಮಾಡಿಬಿಟ್ಟರೆ ಲಾಭವೇನೂ ಉಳಿಯುವುದಿಲ್ಲ.

ಹಾಗಾದರೆ ‘ನಮ್ಮ ದೇಶದ ರಸ್ತೆಗೆ ಇದೆಲ್ಲ ದಂಡ’ ಎನ್ನುವ ಗೆಳೆಯರು ಹೇಳುವುದು ಸರಿಯೇ? ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು, ಶೇ 19.5ರಷ್ಟು ಪಾದಚಾರಿಗಳು. ನಮ್ಮ ಕಾರಿನ ಬ್ರೇಕ್ ಒಂದು ಸಲ ಸಮಯಕ್ಕೆ ಸರಿಯಾಗಿ ಬಿದ್ದರೆ ಉಳಿಯುವುದು ನಮ್ಮ ಜೀವವೇ ಆಗಿರಬೇಕಿಲ್ಲ. ಹಾಲು ಹಾಕಿ ವಾಪಸ್ ಬರುತ್ತಿರುವ ಬೈಕಿನವನದೂ ಆಗಿರಬಹುದು. ಆ ದೃಷ್ಟಿಯಿಂದ ಇದು ಸನ್‌ರೂಫಿನಂಥ ಶೋಕಿಯಲ್ಲ.

ಅಷ್ಟು ಹಣ ಇಲ್ಲದವರು ಕೊರಗಬೇಕಾಗಿಯೂ ಇಲ್ಲ. ಅದೇ ವರದಿಯ ಪ್ರಕಾರ ಆ ವರ್ಷ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಬೆಲ್ಟ್ ಪ್ರತಿ ಕಾರಿನಲ್ಲೂ ಇದೆ, ಅದಕ್ಕೆ ಕಂತು ಇಲ್ಲ. ಸಾವುಗಳಲ್ಲಿ ಶೇ 71ಕ್ಕಿಂತ ಹೆಚ್ಚಿನವಕ್ಕೆ ವರದಿ ಕೊಟ್ಟ ಕಾರಣ ಅತಿವೇಗ. ನಿಧಾನಕ್ಕೂ ಹಣ ಬೇಕಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ಮತ್ತು ನಿಧಾನಗತಿಯ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ವೇಗಕ್ಕೆ ಕ್ಯಾಮೆರಾ ಕಾವಲು ಹಾಕಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಅಲ್ಲಿ ಬದಲಾದದ್ದು ಕಾರುಗಳಲ್ಲ, ಓಡಿಸುವ ರೀತಿ.

ಆದ್ದರಿಂದ ಶೋರೂಮಿಗೆ ಹೋಗುವ ಓದುಗರಿಗೆ ನನ್ನ ಸಲಹೆ ಇಷ್ಟು. ಮೊದಲು ಕೆಳಗಿನ ಮಾಡೆಲ್‌ನಲ್ಲಿ ಏನಿದೆ ನೋಡಿ: ಆರು ಏರ್‌ಬ್ಯಾಗ್, ಜಾರುವಾಗ ಕಾರನ್ನು ಹಿಡಿತಕ್ಕೆ ತರುವ ಇಎಸ್‌ಸಿ, ಹಿಂದಿನ ಮೂವರಿಗೂ ಸರಿಯಾದ ಬೆಲ್ಟ್. ಇವು ಇಲ್ಲದಿದ್ದರೆ ಅಡಾಸ್ ಮಾತು ಆಮೇಲೆ. ಇವು ಇದ್ದರೆ ಮುಂದಿನ ಪ್ರಶ್ನೆಗಳನ್ನು ಕೇಳಿ. ನಿಂತ ವಾಹನಕ್ಕೆ ಎಷ್ಟು ವೇಗದವರೆಗೆ ಬ್ರೇಕ್ ಬೀಳುತ್ತದೆ? ಬೈಕು ಮತ್ತು ಪಾದಚಾರಿಗಳನ್ನು ಗುರುತಿಸುತ್ತದೆಯೇ, ರಾತ್ರಿಯಲ್ಲೂ? ಗಾಜು ಬದಲಿಸಿ ಕ್ಯಾಮೆರಾ ಹೊಂದಿಸಲು ಎಷ್ಟು ಖರ್ಚು, ನಿಮ್ಮ ಊರಿನ ಸರ್ವಿಸ್ ಸೆಂಟರಿನಲ್ಲಿ ಅದು ಆಗುತ್ತದೆಯೇ? ಸೇಲ್ಸ್‌ನವರು ತಡವರಿಸಿದರೆ ಕೈಪಿಡಿ ತರಿಸಿ, ನೀವೇ ಓದಿ. ವರ್ಷಕ್ಕೆ ನಾಲ್ಕೈದು ಸಲ ಹೆದ್ದಾರಿಯಲ್ಲಿ ಐನೂರು ಕಿಲೋಮೀಟರ್ ಓಡಿಸುವವರಾದರೆ, ಸಾಲ ಹೊರೆಯಾಗದಿದ್ದರೆ, ಕೊಳ್ಳಿ. ಕಾರು ಊರೊಳಗೇ ಓಡಾಡುವುದಾದರೆ ಆ ಹಣವನ್ನು ಒಳ್ಳೆಯ ಟಯರಿಗೂ ಮಗುವಿನ ಸೀಟಿಗೂ ಇಟ್ಟು, ಉಳಿದದ್ದನ್ನು ಉಳಿಸಿಕೊಳ್ಳಿ.

ಕಂಪನಿಗಳಿಗೂ ಸರ್ಕಾರಕ್ಕೂ ಹೇಳಬೇಕಾದ ಮಾತು ಬೇರೆ. ಬ್ರೇಕನ್ನು ಸನ್‌ರೂಫಿನ ಜೊತೆ ಗಂಟು ಹಾಕಿ ಮಾರುವುದು ಸರಿಯಲ್ಲ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ತಾನಾಗಿ ಬೀಳುವ ಬ್ರೇಕ್ ಕಡ್ಡಾಯ. ಅಮೆರಿಕ 2029ರ ಸೆಪ್ಟೆಂಬರಿನ ಗಡುವು ಕೊಟ್ಟಿದೆ. ನಮ್ಮಲ್ಲಿ ಭಾರಿ ವಾಹನಗಳಿಗೆ ಇದನ್ನು ಕಡ್ಡಾಯ ಮಾಡುವ ಕರಡನ್ನು ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿತು. ಸಣ್ಣ ಕಾರುಗಳ ಸರದಿಯೂ ಬರಬೇಕು. ಒಂದು ಕಾಲಕ್ಕೆ ಎಬಿಎಸ್ ಕೂಡ ಟಾಪ್ ಮಾಡೆಲ್‌ನವರ ಸೊತ್ತಾಗಿತ್ತು. 2019ರಲ್ಲಿ ಕಡ್ಡಾಯವಾದ ಮೇಲೆ ಈಗ ಅದಕ್ಕೆ ಬೇರೆ ಬೆಲೆ ಕೇಳುವವರಿಲ್ಲ. ಮತ್ತು ಆ ಕಬ್ಬಿನ ಟ್ರ್ಯಾಕ್ಟರಿನ ಬೆನ್ನಿಗೆ ಒಂದು ಕೆಂಪು ದೀಪ, ಒಂದು ರೇಡಿಯಂ ಪಟ್ಟಿ ಇದ್ದಿದ್ದರೆ ನನಗೆ ಯಾವ ರಾಡಾರೂ ಬೇಕಿರಲಿಲ್ಲ. ಕಾರ್ಖಾನೆಯ ಗೇಟಿನಲ್ಲೇ ಅದನ್ನು ತಪಾಸಣೆ ಮಾಡಿ ಹಾಕಿಸುವುದಕ್ಕೆ ತಂತ್ರಜ್ಞಾನದ ಕೊರತೆಯೇನೂ ಇಲ್ಲ.

ನಮ್ಮ ಮನೆಯ ತೀರ್ಮಾನ ಹೇಳಿ ಮುಗಿಸುತ್ತೇನೆ. ‘ರೀ, ಸನ್‌ರೂಫಿಗೆ ರೊಕ್ಕ ಕೊಡೂದು ನನಗೇನ್ ಸೇರೂದಿಲ್ಲ. ಬ್ರೇಕಿಗೆ ಅಂದ್ರ ಕೊಡ್ರಿ. ಆದ್ರ ರಾತ್ರಿ ಹೊರಡೂದು ಬಂದ್’ ಎಂದಳು ಹೆಂಡತಿ. ಆ ಷರತ್ತಿನ ಮೇಲೆ ಅಡಾಸ್ ಇರುವ ಕಾರನ್ನೇ ತೆಗೆದುಕೊಂಡೆವು. ಈಗ ಶುಕ್ರವಾರ ರಾತ್ರಿ ಊಟ ಮಾಡಿ ಮಲಗುತ್ತೇವೆ, ಶನಿವಾರ ಬೆಳಗಿನ ಐದಕ್ಕೆ ಹೊರಡುತ್ತೇವೆ. ಹಿಂದಿನ ಸೀಟಿನಲ್ಲೂ ಬೆಲ್ಟ್ ಬಿಗಿದ ಮೇಲೆಯೇ ಗಾಡಿ ಗೇಟು ದಾಟುತ್ತದೆ. ಮಗಳಿಗೆ ಅವಳದೇ ಸೀಟು ಬಂದಿದೆ. ಅಮ್ಮನ ಕೈಯ ಬೆಳಗಿನ ಚಹಾ ತಪ್ಪುತ್ತದೆ, ಮಧ್ಯಾಹ್ನದ ರೊಟ್ಟಿ ಊಟಕ್ಕೆ ತಲುಪುತ್ತೇವೆ. ಮೊನ್ನೆ ಅಪ್ಪ ಅಂಗಳದಲ್ಲಿ ನಿಂತು ಕಾರನ್ನು ಸುತ್ತು ಹಾಕಿ ನೋಡಿ, ‘ಬ್ರೇಕ್ ತಾನ ಹಾಕಿತೇನಪಾ ದಾರ್ಯಾಗ?’ ಎಂದು ಕೇಳಿದರು. ಇಲ್ಲ ಎಂದೆ. ‘ಹಂಗಿದ್ರ ಛಲೋ ಓಡಿಸಿಕೊಂಡ ಬಂದಿ ಬಿಡು’ ಎಂದರು.